ಪಕ್ಕದ ಜಮೀನು ಎಷ್ಟಕ್ಕೆ ಹೋಯಿತು? ತಿಳಿಯುವ ಬಗೆ, ನಂಬುವ ಬಗೆ

ಪ್ರಶ್ನೆ: ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರ ಹೆಸರಿನಲ್ಲಿದ್ದ 2 ಎಕರೆ 10 ಗುಂಟೆ ಖುಷ್ಕಿ (ಮಳೆಯಾಶ್ರಿತ) ಜಮೀನು ಈಗ ನನ್ನ ಮತ್ತು ಇಬ್ಬರು ಅಕ್ಕಂದಿರ ಹೆಸರಿಗೆ ಜಂಟಿಯಾಗಿ ಬಂದಿದೆ. ಅಕ್ಕಂದಿರ ಪಾಲಿಗೆ ನ್ಯಾಯವಾದ ಹಣ ಕೊಟ್ಟು ಜಮೀನನ್ನು ನಾನೇ ಉಳಿಸಿಕೊಳ್ಳಬೇಕೆಂದಿದ್ದೇನೆ. ಪಕ್ಕದ ಜಮೀನು ಕಳೆದ ವರ್ಷ ಮಾರಾಟವಾಗಿದೆ. ಎಷ್ಟಕ್ಕೆ ಎಂದು ಕೇಳಿದರೆ ಒಬ್ಬರು ಎಕರೆಗೆ 14 ಲಕ್ಷ ಎನ್ನುತ್ತಾರೆ, ಮತ್ತೊಬ್ಬರು 30 ಲಕ್ಷ ಎನ್ನುತ್ತಾರೆ. ನಿಜವಾದ ಬೆಲೆ ತಿಳಿಯಲು ದಾರಿ ಇದೆಯೇ? ನಾನು ವಿಚಾರಿಸಿದ್ದು ಕೊಂಡವರಿಗೆ ಗೊತ್ತಾಗುತ್ತದೆಯೇ?

ಉತ್ತರ: ದಾರಿ ಇದೆ, ಮತ್ತು ಅದು ಕದ್ದು ಹೋಗುವ ದಾರಿಯಲ್ಲ. ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿಯಾದ ಮೇಲೆ ಅದರ ನಕಲು ಉಪನೋಂದಣಿ ಕಚೇರಿಯ ಒಂದನೇ ಪುಸ್ತಕಕ್ಕೆ ಸೇರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಈ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಅರ್ಜಿ ಕೊಟ್ಟ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ನೀವು ಕೊಂಡವರೋ ಮಾರಿದವರೋ ಆಗಿರಬೇಕಿಲ್ಲ, ಏಕೆ ಬೇಕೆಂದು ವಿವರಿಸಬೇಕಾಗಿಯೂ ಇಲ್ಲ. ಆದ್ದರಿಂದ ಪತ್ರದಲ್ಲಿ ಬರೆದ ಬೆಲೆಯನ್ನು ಕಂಡುಹಿಡಿಯುವುದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಆ ಅಂಕಿಯನ್ನು ಓದುವುದರಲ್ಲಿ. ನಿಮಗೆ ಹೇಳಲಾದ 14 ಲಕ್ಷ ಮತ್ತು 30 ಲಕ್ಷ ಎರಡೂ ಒಂದೇ ವ್ಯವಹಾರದ ಅಂಕಿಗಳಾಗಿರುವ ಸಾಧ್ಯತೆ ಸಾಕಷ್ಟಿದೆ: ಒಂದು ಪತ್ರದಲ್ಲಿ ಬರೆದದ್ದು, ಇನ್ನೊಂದು ಕೈಗೆ ಬಂದದ್ದು.

ಮೊದಲು ಹುಡುಕುವ ಬಗೆ. ಪಕ್ಕದ ಜಮೀನಿನ ಸರ್ವೆ ನಂಬರು ನಿಮಗೆ ಬಾಯಿಪಾಠವಿರಬಹುದು, ಆದರೆ ಹಿಸ್ಸಾ (ಸರ್ವೆ ನಂಬರಿನ ಒಳಗಿನ ಉಪಭಾಗ) ನಂಬರು ಸರಿಯಾಗಿ ಗೊತ್ತಿರುವುದು ಅಪರೂಪ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಆ ಜಮೀನಿನ ಬದುವಿನ ಮೇಲೆ ನಿಂತರೆ ಗ್ರಾಮನಕ್ಷೆಯ ಮೇಲೆ ಸರ್ವೆ ನಂಬರು ತೋರುತ್ತದೆ. ಅದನ್ನು ಹಿಡಿದು ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಿದರೆ ಹಿಸ್ಸಾವಾರು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಈಗಿನ ಖಾತೆದಾರರ ಹೆಸರು ಮತ್ತು ಅವರಿಗೆ ಹಕ್ಕು ಬಂದ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರು ಸಿಗುತ್ತವೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರಾಟವಾಗಿದ್ದರೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಬೇರ್ಪಡಿಸುವ ಸರ್ವೆ ನಕ್ಷೆ, ಆಗಿ ಹೊಸ ಹಿಸ್ಸಾ ಹುಟ್ಟಿರುತ್ತದೆ. ಕ್ರಯಪತ್ರದಲ್ಲಿ ಹಳೆಯ ನಂಬರು, ಪಹಣಿಯಲ್ಲಿ ಹೊಸ ನಂಬರು ಇರುವುದು ಸಾಮಾನ್ಯವಾದ್ದರಿಂದ ಎರಡನ್ನೂ ಬರೆದಿಟ್ಟುಕೊಳ್ಳಿ. ಹುಡುಕಿದರೂ ಏನೂ ಸಿಗಲಿಲ್ಲ ಎಂದು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ.

ಅನಂತರ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಆ ಸರ್ವೆ ನಂಬರಿಗೆ ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಇಸಿ ಎನ್ನುವ ದಾಖಲೆಗೆ, ಅರ್ಜಿ ಹಾಕಬೇಕು. ನಿಮ್ಮದೇ ಜಮೀನಿಗೆ ಮಾತ್ರ ಇಸಿ ತೆಗೆಸಬಹುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ, ಅದು ತಪ್ಪು. ಅವಧಿಯನ್ನು ಕಳೆದ ಮೂರು ವರ್ಷಕ್ಕೆ ಹಿಡಿಯಿರಿ. ಮೂರೇ ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ವಹಿವಾಟುಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಇಸಿ ಬರುತ್ತದೆ. ಪ್ರತಿಯೊಂದು ವಹಿವಾಟಿನ ಎದುರು ಸ್ವತ್ತಿನ ವಿವರ, ಪತ್ರದ ಸ್ವರೂಪ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜು ನಂಬರು, ದಿನಾಂಕ ಇರುತ್ತವೆ. ಇವುಗಳ ಜೊತೆಗೆ ಪ್ರತಿಫಲದ ಮೊತ್ತ (ಕೊಂಡವರು ಕೊಟ್ಟರೆಂದು ಪತ್ರದಲ್ಲಿ ಬರೆದ ಬೆಲೆ) ಮತ್ತು ಮಾರುಕಟ್ಟೆ ಮೌಲ್ಯ ಎಂಬ ಎರಡು ಅಂಕಿಗಳೂ ಇರುತ್ತವೆ. ಈ ಎರಡನೆಯದರ ಹೆಸರು ನೋಡಿ ಮೋಸಹೋಗಬೇಡಿ: ಅದು ಪೇಟೆಯ ಬೆಲೆಯಲ್ಲ, ಶುಲ್ಕ ಲೆಕ್ಕಹಾಕಲು ಸರ್ಕಾರದ ಮಾರ್ಗಸೂಚಿ ದರದಿಂದ ಬಂದ ಮೊತ್ತ. ನಿಮಗೆ ಬೇಕಾದದ್ದು ಪ್ರತಿಫಲ.

ಇದೇ ಕೆಲಸವನ್ನು ಒಂದು ಸರ್ವೆ ನಂಬರಿಗೆ ನಿಲ್ಲಿಸದೆ, ನಿಮ್ಮ ಜಮೀನಿನ ಸುತ್ತಲಿನ ಎಂಟು ಹತ್ತು ಸರ್ವೆ ನಂಬರುಗಳಿಗೂ ಅದೇ ರಸ್ತೆಯ ಮುಂದಿನ ಊರಿನ ಒಂದೆರಡಕ್ಕೂ ಮಾಡಿ. ಅದಕ್ಕೆ ತಗಲುವ ಶುಲ್ಕ ಎಷ್ಟೇ ಆದರೂ ಒಂದು ಗುಂಟೆಯ ಬೆಲೆಯ ಎದುರು ಲೆಕ್ಕಕ್ಕೇ ಬಾರದು. ಬಂದ ಪಟ್ಟಿಯಿಂದ ಮೊದಲು ಕಸ ತೆಗೆಯಬೇಕು. ದಾನಪತ್ರ, ವಿಭಾಗಪತ್ರ, ಹಕ್ಕುಖುಲಾಸೆ ಪತ್ರಗಳನ್ನು ಪಕ್ಕಕ್ಕಿಡಿ. ಕುಟುಂಬದ ನಿಕಟ ಸದಸ್ಯರ ನಡುವೆ ಇವುಗಳಿಗೆ ಶುಲ್ಕದ ರಿಯಾಯಿತಿ ಇರುವುದರಿಂದ ಅಲ್ಲಿ ಬರೆದ ಮೊತ್ತಕ್ಕೂ ಜಮೀನಿನ ಬೆಲೆಗೂ ಸಂಬಂಧವಿರುವುದಿಲ್ಲ. ಅಣ್ಣನಿಂದ ತಮ್ಮನಿಗೆ, ಮಾವನಿಂದ ಅಳಿಯನಿಗೆ ಆದ ಕ್ರಯವನ್ನೂ ಬಿಡಿ. ಕ್ರಯದ ಕರಾರು ನೋಂದಣಿಯಾಗಿ ಶುದ್ಧ ಕ್ರಯ ಇನ್ನೂ ಆಗಿಲ್ಲದಿದ್ದರೆ ಅದನ್ನು ಸೂಚನೆಯಾಗಿ ಮಾತ್ರ ಇಟ್ಟುಕೊಳ್ಳಿ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿಕೊಟ್ಟು ಹಣ ಪಡೆದ ವ್ಯವಹಾರಗಳಂತೂ ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಉಳಿದ ಕ್ರಯಪತ್ರಗಳ ದಸ್ತಾವೇಜು ನಂಬರು ಹಿಡಿದು ದೃಢೀಕೃತ ನಕಲು ತೆಗೆಸಿ. ಇಸಿಯ ಒಂದು ಸಾಲು ಸಾಲದು, ಏಕೆಂದರೆ ಬೆಲೆಯ ಕಾರಣ ಇರುವುದು ಪತ್ರದ ಕೊನೆಯ ಷೆಡ್ಯೂಲಿನಲ್ಲಿ. ಇದನ್ನು ಒಂದು ಅನುಭವದಿಂದ ಹೇಳುತ್ತೇನೆ. ಒಮ್ಮೆ ಒಂದೇ ಸರ್ವೆ ನಂಬರಿನ ಎರಡು ಹಿಸ್ಸಾಗಳು ಒಂದೇ ತಿಂಗಳಲ್ಲಿ ಮಾರಾಟವಾಗಿದ್ದವು. ಒಂದರ ಗುಂಟೆ ದರ ಇನ್ನೊಂದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮುಚ್ಚಿಟ್ಟ ಹಣವೇ ಇದಕ್ಕೆ ಕಾರಣ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಎರಡು ಪತ್ರಗಳ ಚಕ್ಕುಬಂದಿಯನ್ನು ಅಕ್ಕಪಕ್ಕ ಇಟ್ಟು ಓದಿದಾಗ ಒಂದರಲ್ಲಿ ‘ಪಶ್ಚಿಮಕ್ಕೆ ಸರ್ಕಾರಿ ರಸ್ತೆ’ ಎಂದಿತ್ತು, ಇನ್ನೊಂದರಲ್ಲಿ ನಾಲ್ಕು ದಿಕ್ಕಿಗೂ ಬೇರೆಯವರ ಜಮೀನು, ಓಡಾಡಲು ದಾರಿಯ ಹಕ್ಕಿನ ಒಂದು ಮಾತೂ ಇರಲಿಲ್ಲ. ಅಲ್ಲಿ ಹಣ ಮುಚ್ಚಿಡಲಾಗಿರಲಿಲ್ಲ, ದಾರಿಯೇ ಇರಲಿಲ್ಲ. ನಿಮ್ಮ ಪ್ರದೇಶದಲ್ಲಿ ರಸ್ತೆಯಷ್ಟೇ ತೂಕದ ಸಂಗತಿಗಳು ಇನ್ನೂ ಇವೆ: ಫಲ ಕೊಡುವ ತೆಂಗಿನ ಮರಗಳೆಷ್ಟು, ನೀರಿರುವ ಕೊಳವೆ ಬಾವಿ ಇದೆಯೇ, ಪಂಪ್‌ಸೆಟ್ಟಿಗೆ ಅಧಿಕೃತ ವಿದ್ಯುತ್ ಸಂಪರ್ಕ ಇದೆಯೇ. ಇವು ಸಾಮಾನ್ಯವಾಗಿ ಷೆಡ್ಯೂಲಿನಲ್ಲಿ ನಮೂದಾಗಿರುತ್ತವೆ. ತುಂಬು ತೆಂಗಿನ ತೋಟದ ಬೆಲೆಯನ್ನು ತಂದು ರಾಗಿ ಹೊಲಕ್ಕೆ ಹಚ್ಚಿದರೆ ನೀವು ಅಕ್ಕಂದಿರಿಗೆ ಹೆಚ್ಚು ಕೊಡುತ್ತೀರಿ. ತಿರುವುಮುರುವಾದರೆ ಅವರಿಗೆ ಅನ್ಯಾಯ. ಮೂಲತಃ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಾಗಿದ್ದರೆ, ಇಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲವಾದ್ದರಿಂದ, ಅದರ ಬೆಲೆಯನ್ನು ಹೋಲಿಕೆಗೆ ತರಲೇಬಾರದು.

ವಿಸ್ತೀರ್ಣದ ಲೆಕ್ಕದಲ್ಲಿಯೂ ಒಂದು ಎಚ್ಚರ ಬೇಕು. ಉದಾಹರಣೆಗೆ 1 ಎಕರೆ 20 ಗುಂಟೆ ಜಮೀನಿಗೆ 36 ಲಕ್ಷ ಎಂದು ಪತ್ರದಲ್ಲಿ ಇದೆ ಎನ್ನೋಣ. ಎಕರೆಗೆ 40 ಗುಂಟೆಯಂತೆ ಅದು 60 ಗುಂಟೆ, ಅಂದರೆ ಗುಂಟೆಗೆ 60,000, ಎಕರೆಗೆ 24 ಲಕ್ಷ. ಆದರೆ ಆ 60ರಲ್ಲಿ 4 ಗುಂಟೆ ಖರಾಬು ಸೇರಿದ್ದರೆ ಸಾಗುವಳಿಗೆ ಸಿಕ್ಕದ್ದು 56 ಗುಂಟೆ. ಆಗ ಗುಂಟೆಗೆ 64,000ಕ್ಕೂ ಮೇಲೆ, ಎಕರೆಗೆ ಸುಮಾರು 25.7 ಲಕ್ಷ. ಎಲ್ಲ ಪತ್ರಗಳನ್ನೂ ಖರಾಬು ಕಳೆದು ಗುಂಟೆ ದರಕ್ಕೆ ಇಳಿಸಿದ ಮೇಲೆಯೇ ಹೋಲಿಸಿ. ನಿವೇಶನದ ದರವನ್ನು ಜಮೀನಿಗೆ ಹಚ್ಚುವ ದಲ್ಲಾಳಿಗಳ ಲೆಕ್ಕವನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ. ಊರಾಚೆ ಬಡಾವಣೆಯಲ್ಲಿ ಚದರ ಅಡಿಗೆ 1,000 ಇದೆ, ಗುಂಟೆಗೆ 1,089 ಚದರ ಅಡಿ, ಹಾಗಾಗಿ ನಿಮ್ಮ ಎಕರೆಗೆ ನಾಲ್ಕು ಕೋಟಿ ಮೂವತ್ತೈದು ಲಕ್ಷ ಎಂದು ಟೀ ಅಂಗಡಿಯಲ್ಲಿ ಕುಳಿತು ಹೇಳುವವರಿಗೆ, ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಹೋಗುವ ಜಾಗವೂ ಭೂ ಪರಿವರ್ತನೆ, ಚರಂಡಿ, ವಿದ್ಯುತ್ತಿನ ವೆಚ್ಚವೂ ನೆನಪಿರುವುದಿಲ್ಲ. ನ್ಯಾಯಾಲಯಗಳು ಸಣ್ಣ ನಿವೇಶನದ ಬೆಲೆಯಿಂದ ದೊಡ್ಡ ಜಮೀನಿನ ಬೆಲೆ ಕಟ್ಟುವಾಗ ಅಭಿವೃದ್ಧಿ ವೆಚ್ಚವೆಂದು ಸಾಮಾನ್ಯವಾಗಿ ಮೂರನೆಯ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕಡಿತಗೊಳಿಸುವುದು ಇದೇ ಕಾರಣಕ್ಕೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪತ್ರದಲ್ಲಿ ಬರೆದ ಬೆಲೆಯನ್ನು ಎಷ್ಟು ನಂಬಬೇಕು? ನನ್ನ ಉತ್ತರ ಇಷ್ಟು: ಬೆಲೆಯನ್ನು ನೋಡುವ ಮೊದಲು, ಅದನ್ನು ಕಡಿಮೆ ಬರೆಸುವುದರಿಂದ ಯಾರಿಗೆ ಲಾಭವಿತ್ತು ಎಂದು ನೋಡಿ.

ಕರ್ನಾಟಕದಲ್ಲಿ ಕ್ರಯಕ್ಕೆ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5, ಅದರ ಮೇಲೆ ಸೆಸ್ಸು ಮತ್ತು ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಹಾಗಾಗಿ ಬೆಲೆಯಲ್ಲಿ ಒಂದು ಲಕ್ಷ ಮರೆಮಾಚಿದರೆ ಕೊಳ್ಳುವವರಿಗೆ ಏಳೂವರೆ ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಆದರೆ ಮಾರ್ಗಸೂಚಿ ದರಕ್ಕಿಂತ ಕೆಳಗೆ ಬರೆಸಿ ಪ್ರಯೋಜನವಿಲ್ಲ. ಶುಲ್ಕವನ್ನು ಪ್ರತಿಫಲ ಮತ್ತು ಮಾರ್ಗಸೂಚಿ ಮೌಲ್ಯಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು, ಕಡಿಮೆ ಮೌಲ್ಯ ತೋರಿಸಿದ ಪತ್ರವನ್ನು ಕರ್ನಾಟಕ ಮುದ್ರಾಂಕ ಕಾಯ್ದೆಯ 45ಎ ಕಲಮಿನಂತೆ ಮೌಲ್ಯ ನಿರ್ಧಾರಕ್ಕೆ ಒಪ್ಪಿಸಲೂಬಹುದು. ಇದರ ಫಲವಾಗಿ ಬಹುಪಾಲು ಪತ್ರಗಳು ಮಾರ್ಗಸೂಚಿ ದರಕ್ಕೆ ಅಂಟಿಕೊಂಡೇ ಇರುತ್ತವೆ. ಕಾವೇರಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆಯ್ದು ಖುಷ್ಕಿ, ತರಿ (ನೀರಾವರಿ), ಬಾಗಾಯ್ತು (ತೋಟ) ಜಮೀನುಗಳ ಮಾರ್ಗಸೂಚಿ ದರವನ್ನು ತೆಗೆದಿಟ್ಟುಕೊಳ್ಳಿ. ಯಾವ ಪತ್ರದ ಗುಂಟೆ ದರ ಈ ದರಕ್ಕೆ ಸರಿಯಾಗಿ ಅಥವಾ ನೂರಿನ್ನೂರು ರೂಪಾಯಿ ಹೆಚ್ಚಾಗಿ ಇದೆಯೋ, ಆ ಪತ್ರ ಸರ್ಕಾರದ ದರವನ್ನು ಹೇಳುತ್ತಿದೆಯೇ ಹೊರತು ಪೇಟೆಯ ಬೆಲೆಯನ್ನಲ್ಲ. 2023ರ ಅಕ್ಟೋಬರ್ 1ರಂದು ಮಾರ್ಗಸೂಚಿ ದರಗಳು ರಾಜ್ಯದಾದ್ಯಂತ ಪರಿಷ್ಕೃತವಾದಾಗ ಎಷ್ಟೋ ಹಳ್ಳಿಗಳ ಕ್ರಯಪತ್ರಗಳಲ್ಲಿ ‘ಬೆಲೆ’ ಒಂದೇ ರಾತ್ರಿಯಲ್ಲಿ ಏರಿದಂತೆ ಕಾಣುತ್ತದೆ. ಅಂದು ಜಮೀನಿನ ಬೆಲೆ ಏರಲಿಲ್ಲ, ಬರೆಯುವ ಅಂಕಿ ಏರಿತು.

ಹಾಗಾದರೆ ನಂಬಿಕೆಗೆ ಅರ್ಹವಾದ ಪತ್ರ ಯಾವುದು? ಪೂರ್ತಿ ಬೆಲೆಯನ್ನು ಬರೆಸಲೇಬೇಕಾದ ಕಾರಣವಿದ್ದವರ ಪತ್ರ. ಕೊಂಡದ್ದು ಲೆಕ್ಕಪರಿಶೋಧನೆಗೆ ಒಳಪಡುವ ಕಂಪನಿಯೋ ಟ್ರಸ್ಟೋ ಆಗಿದ್ದರೆ ಹಣವೆಲ್ಲ ಸಾಮಾನ್ಯವಾಗಿ ಬ್ಯಾಂಕಿನ ಮೂಲಕವೇ ಹೋಗಿರುತ್ತದೆ. ಮಾರಿದವರು ವಿದೇಶದಲ್ಲಿದ್ದು ಹಣವನ್ನು ಅಲ್ಲಿಗೆ ಒಯ್ಯಬೇಕಾಗಿದ್ದರೂ ಹಾಗೆಯೇ. ಹಳ್ಳಿಯ ಕೃಷಿಭೂಮಿಯಲ್ಲಿ ಇನ್ನೊಂದು ವಿಚಾರವನ್ನು ಬಹಳ ಜನ ಗಮನಿಸುವುದಿಲ್ಲ. ಪುರಸಭೆ, ನಗರಸಭೆಯ ಗಡಿಯಿಂದ ನಿಗದಿತ ದೂರದಾಚೆ ಇರುವ ಕೃಷಿಜಮೀನನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದೇ ಎಣಿಸುವುದಿಲ್ಲ. ಆ ದೂರ ಪಟ್ಟಣದ ಜನಸಂಖ್ಯೆ ಒಂದು ಲಕ್ಷದೊಳಗಿದ್ದರೆ 2 ಕಿಲೋಮೀಟರು, ಹತ್ತು ಲಕ್ಷದೊಳಗಿದ್ದರೆ 6, ಅದಕ್ಕೂ ಮೇಲಿದ್ದರೆ 8. ಅಂಥ ಜಮೀನು ಮಾರಿದವರಿಗೆ ಬೆಲೆ ಮುಚ್ಚಿಡಲು ತೆರಿಗೆಯ ಕಾರಣವೇ ಇಲ್ಲ. ಬದಲಿಗೆ ಮಗನಿಗೆ ಪೇಟೆಯಲ್ಲಿ ಮನೆ ಕೊಳ್ಳಬೇಕೆಂದಿರುವ ರೈತ ಪೂರ್ತಿ ಹಣವನ್ನು ಪತ್ರದಲ್ಲಿಯೇ ಬರೆಸಿ ಎಂದು ಪಟ್ಟುಹಿಡಿಯುವುದುಂಟು. ಇಂಥ ಪತ್ರ ಒಂದು ಸಿಕ್ಕರೂ ಹತ್ತು ಮಾರ್ಗಸೂಚಿ ದರದ ಪತ್ರಗಳಿಗಿಂತ ಅದು ಮೇಲು. ಪತ್ರದ ಒಳಗೆ ಹಣ ಸಂದಾಯದ ಪ್ಯಾರಾ ಓದಿ: ಚೆಕ್ ನಂಬರು, ಆರ್‌ಟಿಜಿಎಸ್ ವಿವರಗಳೊಡನೆ ನಾಲ್ಕೈದು ಕಂತುಗಳಲ್ಲಿ ಪೂರ್ತಿ ಮೊತ್ತ ಸಂದಿದೆ ಎಂದಿದ್ದರೆ ಅದಕ್ಕೊಂದು ತೂಕ, ‘ಸಾಕ್ಷಿದಾರರ ಸಮಕ್ಷಮ ನಗದಾಗಿ’ ಎಂದಷ್ಟೇ ಇದ್ದರೆ ಇನ್ನೊಂದು ತೂಕ.

ಇಸಿಯಲ್ಲಿಯೇ ಸಿಗುವ ಮತ್ತೊಂದು ಸುಳಿವು ಜಮೀನಿಗಿಂತ ನಿವೇಶನ, ಮನೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕ್ರಯಪತ್ರದ ಹಿಂದೆಯೇ, ಅದೇ ದಿನವೋ ಅದೇ ವಾರವೋ, ಬ್ಯಾಂಕಿಗೆ ಹಕ್ಕುಪತ್ರಗಳ ಠೇವಣಿ ನೋಂದಣಿಯಾಗಿ ಸಾಲದ ಮೊತ್ತ ನಮೂದಾಗಿರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷದವರೆಗೆ ಸ್ವತ್ತಿನ ಮೌಲ್ಯದ ಶೇ 90ನ್ನು, 75 ಲಕ್ಷದವರೆಗೆ ಶೇ 80ನ್ನು, ಅದಕ್ಕೂ ಮೇಲೆ ಶೇ 75ನ್ನು ಮೀರುವಂತಿಲ್ಲ. ಮನೆ ಕೊಳ್ಳಲು 60 ಲಕ್ಷ ಸಾಲ ಸಿಕ್ಕಿದ್ದರೆ ಸ್ವತ್ತಿನ ಮೌಲ್ಯ 75 ಲಕ್ಷಕ್ಕೆ ಕಡಿಮೆ ಇಲ್ಲವೆಂದು ಬ್ಯಾಂಕು ಒಪ್ಪಿದೆ ಎಂದರ್ಥ. ಖಾಲಿ ನಿವೇಶನವಾದರೆ ಅದರಲ್ಲಿ ಕಟ್ಟಡದ ಸಾಲವೂ ಸೇರಿರಬಹುದು ಎಂಬುದನ್ನು ಮರೆಯಬಾರದು.

ನಿಮಗೆ ಇದಕ್ಕಿಂತ ಒಳ್ಳೆಯ ಆಧಾರ ಹತ್ತಿರದಲ್ಲೇ ಇದೆ. ತುಮಕೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಶಿವಮೊಗ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣಕ್ಕೆ ದಾರಿಯುದ್ದಕ್ಕೂ ಜಮೀನು ಸ್ವಾಧೀನವಾಗಿದೆ. ಭೂಸ್ವಾಧೀನಾಧಿಕಾರಿಗಳು ಹೊರಡಿಸುವ ಐತೀರ್ಪಿನಲ್ಲಿ, ಅಂದರೆ ಪರಿಹಾರ ನಿಗದಿಯ ಆದೇಶದಲ್ಲಿ, ಸರ್ವೆ ನಂಬರುವಾರು ವಿಸ್ತೀರ್ಣ, ಜಮೀನಿನ ವರ್ಗ, ನಿರ್ಧರಿಸಿದ ದರ, ಮರಗಳ ಮೌಲ್ಯ ಬೇರೆ ಬೇರೆಯಾಗಿ ಇರುತ್ತವೆ. ನಿಮ್ಮ ಊರಿನ ಅಥವಾ ನೆರೆಯೂರಿನ ಐತೀರ್ಪಿನ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಓದುವಾಗ ಮೂಲ ಮಾರುಕಟ್ಟೆ ಮೌಲ್ಯವನ್ನು ಮಾತ್ರ ತೆಗೆದುಕೊಳ್ಳಿ. ಗ್ರಾಮೀಣ ಪ್ರದೇಶಕ್ಕೆ ಅನ್ವಯಿಸುವ ಗುಣಕವನ್ನೂ ಶೇ 100ರ ಸಾಂತ್ವನ ಮೊತ್ತವನ್ನೂ ಸೇರಿಸಿದ ಅಂಕಿಯನ್ನೇ ಜನ ‘ಹೈವೇಯವರು ಕೊಟ್ಟ ರೇಟು’ ಎನ್ನುತ್ತಾರೆ. ಅದು ಒಪ್ಪಿ ಮಾರದವರಿಗೆ ಕಾನೂನು ಕೊಟ್ಟ ಪರಿಹಾರ, ನೀವು ಅಕ್ಕಂದಿರಿಗೆ ಕೊಡಬೇಕಾದ ಬೆಲೆಗೆ ಅಳತೆಗೋಲಲ್ಲ. ಹೆದ್ದಾರಿಗೆ ತಾಗಿದ ಜಮೀನಿನ ದರ ಎರಡು ಕಿಲೋಮೀಟರು ಒಳಗಿನ ಹೊಲಕ್ಕೆ ಹೊಂದುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮೂರು ವರ್ಷದ ಮಾತನ್ನು ಬಾಕಿ ಉಳಿಸಿಕೊಂಡಿದ್ದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ, 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮು ಬೆಲೆ ಕಟ್ಟುವ ಒಂದು ಕ್ರಮವನ್ನು ಹೇಳುತ್ತದೆ: ಸಮೀಪದ ಅದೇ ಬಗೆಯ ಜಮೀನುಗಳ ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಮಾತ್ರ ಸರಾಸರಿ ಮಾಡುವುದು. ಕೆಳಗಿನ ಅರ್ಧವನ್ನು ಬಿಟ್ಟುಬಿಡುವ ಈ ಕ್ರಮದಲ್ಲಿ, ಪತ್ರಗಳಲ್ಲಿ ಬೆಲೆ ಕಡಿಮೆ ಬರೆಯುತ್ತಾರೆ ಎಂಬುದನ್ನು ಶಾಸನವೇ ಒಪ್ಪಿಕೊಂಡಂತೆ ನನಗೆ ತೋರುತ್ತದೆ. ಮನೆಯೊಳಗಿನ ಲೆಕ್ಕಕ್ಕೂ ಇದು ಒಳ್ಳೆಯ ದಾರಿ. ಲೆಕ್ಕ ತೋರಿಸಲೆಂದು ಅಂಕಿಗಳನ್ನು ನಾನೇ ಹಿಡಿಯುತ್ತೇನೆ: ಮಾರ್ಗಸೂಚಿ ದರ ಗುಂಟೆಗೆ 30,000 ಇದ್ದು, ಕಸ ತೆಗೆದ ಮೇಲೆ ಉಳಿದ ಆರು ಪತ್ರಗಳ ಗುಂಟೆ ದರ 30,000, 31,000, 31,000, 45,000, 52,000, 62,000 ಎಂದಿರಲಿ. ಆರರ ಸರಾಸರಿ 42,000ದ ಹತ್ತಿರ. ಮೊದಲ ಮೂರು ಮಾರ್ಗಸೂಚಿಯ ನೆರಳುಗಳು. ಮೇಲಿನ ಮೂರರ ಸರಾಸರಿ 53,000. ನಿಮ್ಮ 90 ಗುಂಟೆಗೆ ಅದು 47 ಲಕ್ಷದ 70 ಸಾವಿರ, ಮೂರು ಸಮಪಾಲಾದರೆ ತಲಾ 15 ಲಕ್ಷದ 90 ಸಾವಿರ. 62,000ದ ಪತ್ರ ರಸ್ತೆ ಬದಿಯದಾಗಿದ್ದು ನಿಮ್ಮದು ಒಳಗಿದ್ದರೆ ಸ್ವಲ್ಪ ಇಳಿಸಿ, ನಿಮ್ಮಲ್ಲಿ ನೀರಿದ್ದು ಆ ಮೂರರಲ್ಲಿ ಇಲ್ಲದಿದ್ದರೆ ಏರಿಸಿ. ಯಾವುದೋ ಒಂದು ಪತ್ರ ಉಳಿದೆಲ್ಲಕ್ಕಿಂತ ಮೂರು ಪಟ್ಟು ಮೇಲಿದ್ದರೆ ಅದನ್ನೂ ಅನುಮಾನದಿಂದ ನೋಡಿ. ಸ್ವಾಧೀನದ ಸುದ್ದಿ ಹಬ್ಬಿದ ಊರುಗಳಲ್ಲಿ ಪರಿಹಾರ ಹೆಚ್ಚಲೆಂದು ಬೆಲೆ ಉಬ್ಬಿಸಿ ಬರೆಸುವುದೂ ಉಂಟು, ಅಂಥವನ್ನು ಕೈಬಿಡುವ ಅಧಿಕಾರ ಅದೇ ಕಲಮಿನಲ್ಲಿಯೇ ಇದೆ.

ಬಾಯಿಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಆದರೆ ಕೊನೆಯಲ್ಲಿ ಕೇಳಿ. ಕೈಯಲ್ಲಿ ಪತ್ರಗಳಿದ್ದಾಗ ಪ್ರಶ್ನೆಯೇ ಬೇರೆಯಾಗುತ್ತದೆ. ‘ಎಷ್ಟಕ್ಕೆ ಹೋಯಿತು?’ ಎಂದು ಕೇಳಿದರೆ ಸಿಗುವುದು ಊಹೆ; ‘ಪತ್ರದಲ್ಲಿ 14 ಇದೆ, ಅಷ್ಟಕ್ಕೇ ಬಿಟ್ಟುಕೊಟ್ಟರೇ?’ ಎಂದು ಮಾರಿದವರನ್ನೇ ಕೇಳಿದರೆ ನಗು ಬರುತ್ತದೆ, ಹಿಂದೆಯೇ ಮಾತೂ ಬರುತ್ತದೆ. ಇಂಟರ್ನೆಟ್ ಜಾಹೀರಾತುಗಳಲ್ಲಿ ಕಾಣುವುದು ಕೇಳುವ ಬೆಲೆ, ಕುದುರಿದ ಬೆಲೆಯಲ್ಲ. ಮಾರಾಟಕ್ಕಿಟ್ಟು ಎರಡು ವರ್ಷವಾದರೂ ಹೋಗದ ಜಮೀನಿನ ಬೆಲೆ ಒಂದನ್ನಷ್ಟೇ ಹೇಳುತ್ತದೆ: ನಿಜವಾದ ಬೆಲೆ ಅದಕ್ಕಿಂತ ಕೆಳಗಿದೆ.

ನಿಮ್ಮ ಕೊನೆಯ ಪ್ರಶ್ನೆಗೆ: ಇಸಿಗೋ ನಕಲಿಗೋ ಅರ್ಜಿ ಹಾಕಿದ್ದನ್ನು ಕೊಂಡವರಿಗೆ ನೋಟಿಸು ಕಳುಹಿಸಿ ತಿಳಿಸುವ ಏರ್ಪಾಡು ನೋಂದಣಿ ಕಾಯ್ದೆಯಲ್ಲಿ ಇಲ್ಲ. ನಕಲುಗಳನ್ನು ಮಾತ್ರ ಎರಡೆರಡು ಸೆಟ್ ಮಾಡಿಸಿ, ಬೆಲೆಯ ಮಾತು ತೆಗೆಯುವ ಮೊದಲೇ ಒಂದೊಂದನ್ನು ಇಬ್ಬರು ಅಕ್ಕಂದಿರ ಕೈಗೂ ಕೊಡಿ. ಅವರು ಕೆಳಗಿನ ಮೂರನ್ನು ಏಕೆ ಬಿಟ್ಟಿರಿ ಎಂದು ಕೇಳಲಾರರು, ಮೇಲಿನ ಮೂರನ್ನು ಏಕೆ ಬಿಟ್ಟಿರಿ ಎಂದು ಕೇಳುವ ಸಂದರ್ಭವೂ ಬರುವುದಿಲ್ಲ.